ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕ್: ಚುರುಕುಗೊಳಿಸುವ ಮುನ್ನ



ತೋಟದ ಲೆಕ್ಕವನ್ನು ಹತ್ತು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಇಡುವವರು ನಮ್ಮಲ್ಲಿ ಅನೇಕರಿದ್ದಾರೆ. ಗುಂಡಿ ಒತ್ತಿ ಕಾಫಿ ಕುಡಿದು ಬಂದರೂ ಯಂತ್ರ ಸಿದ್ಧವಾಗಿರುವುದಿಲ್ಲ ಎಂಬ ದೂರು ಕಚೇರಿಗೆ ಬರುತ್ತಲೇ ಇದೆ. ಯಂತ್ರವನ್ನೇ ಬದಲಿಸುವ ಮುನ್ನ ಅದರೊಳಗಿನ ಹಾರ್ಡ್ ಡಿಸ್ಕಿನ ಕಡೆ ಗಮನ ಕೊಡುವುದು ಲೇಸು.

ಈ ಡಿಸ್ಕ್ ಎಂದರೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆ. ಬೇಕಾದ ಜಾಗ ಓದುವ ಹೆಡ್ಡಿನ ಕೆಳಗೆ ಬರುವವರೆಗೆ ಕಾಯಲೇಬೇಕು. 7200 ಸುತ್ತಿನ ಡಿಸ್ಕಿನಲ್ಲಿ ಒಂದು ಸುತ್ತಿಗೆ ಸೆಕೆಂಡಿನ 120ರಲ್ಲಿ ಒಂದು ಭಾಗ ಹಿಡಿಯುತ್ತದೆ. ಇದು ಅಲ್ಪವೇ, ಆದರೆ ಒಂದೇ ಫೈಲು ಚೂರುಚೂರಾಗಿ ಹರಡಿದ್ದರೆ ನೂರಾರು ಸಲ ಕಾಯಬೇಕಾಗುತ್ತದೆ. ಒಬ್ಬರ ಅಡಿಕೆ ಮೂಟೆಗಳನ್ನು ಗೋದಾಮಿನ ಎಂಟು ಮೂಲೆಗಳಲ್ಲಿ ಇಟ್ಟರೆ ಹಮಾಲಿಯ ಪಾಡು ಏನಾದೀತು, ಹಾಗೆ. ಚೂರುಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಡಿಫ್ರಾಗ್ಮೆಂಟ್ ಎನ್ನುತ್ತಾರೆ. ಅದರ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಡಿಸ್ಕಿನಲ್ಲಿ ಶೇಕಡಾ 15ರಷ್ಟಾದರೂ ಜಾಗ ಖಾಲಿ ಇರಲಿ. ಜಾಗವಿಲ್ಲದೆ ಮೂಟೆ ಸರಿಸುವುದೆಲ್ಲಿಗೆ?

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಹಿಂದೊಮ್ಮೆ ಕಾಫಿ ಕುಯ್ಲಿನ ಸಮಯದಲ್ಲಿ ನಮ್ಮ ಮನೆಯ ಯಂತ್ರ ನಿಧಾನವಾಯಿತು. ಒಳಗಿನಿಂದ ಟಕ್ ಟಕ್ ಸದ್ದು ಬೇರೆ. ಫ್ಯಾನಿನದಿರಬೇಕೆಂದು ಬಗೆದು, ರಾತ್ರಿ ಡಿಫ್ರಾಗ್ಮೆಂಟ್ ಹಾಕಿ ಮಲಗಿದೆ. ಬೆಳಿಗ್ಗೆ ಡಿಸ್ಕ್ ಏಳಲಿಲ್ಲ. ಮೂರು ವಾರಗಳ ಕುಯ್ಲಿನ ತೂಕದ ಲೆಕ್ಕ ಹೋಯಿತು. ಮೇಸ್ತ್ರಿ ತನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದರಿಂದ ಆಳುಗಳ ಕೂಲಿ ಮೋಸವಾಗಲಿಲ್ಲ. ಅವರೆದುರು ನನ್ನ ಮಾನವೂ ಉಳಿಯಿತು. ಯಂತ್ರ ನಿಧಾನವಾದದ್ದು ಚೂರುಗಳಿಂದಲ್ಲ, ಡಿಸ್ಕ್ ಕೆಡುತ್ತಿದ್ದುದರಿಂದ. ಇಡೀ ರಾತ್ರಿ ಅದನ್ನು ದುಡಿಸಿ ನಾನೇ ಮುಗಿಸಿದ್ದೆ.

ಆದ್ದರಿಂದ ಮೊದಲು ಲೆಕ್ಕದ ಫೈಲುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಸದ್ದು ಬರುತ್ತಿದ್ದರೆ, ನಕಲು ಮಾಡುವಾಗ ಫೈಲು ಓದಲಾಗದೆ ತಡವರಿಸಿದರೆ, ಸಿಕ್ಕಷ್ಟು ತೆಗೆದುಕೊಂಡು ಯಂತ್ರ ಆರಿಸಿಬಿಡಿ. ಅಂಥ ಡಿಸ್ಕಿಗೆ ಡಿಫ್ರಾಗ್ಮೆಂಟ್ ಕೂಡದು. ಡಿಸ್ಕ್ ಸರಿಯಿದ್ದರೂ ಮಳೆಗಾಲದಲ್ಲಿ ಕರೆಂಟ್ ಹೋಗುವ ಹೊತ್ತಿಗೆ ಈ ಕೆಲಸಕ್ಕೆ ಕೈಹಾಕುವುದು ಬೇಡ.

ಹಣ ಹೊಂದಿಸಬಲ್ಲವರಿಗೆ ಇನ್ನೊಂದು ದಾರಿಯಿದೆ. ತಿರುಗುವ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ, ಯಾವ ಡಿಫ್ರಾಗ್ಮೆಂಟಿನಿಂದಲೂ ಬಾರದ ವೇಗ ಬರುತ್ತದೆ. ಅದರಲ್ಲಿ ತಿರುಗುವ ತಟ್ಟೆಯೇ ಇಲ್ಲದ್ದರಿಂದ ಡಿಫ್ರಾಗ್ಮೆಂಟಿನ ಅಗತ್ಯವಿಲ್ಲ; ಪದೇ ಪದೇ ಮಾಡಿದರೆ ಸುಮ್ಮನೆ ಸವೆತ.

ನಕಲು ಮಾಡಿಕೊಳ್ಳಲು ತಿಳಿಯದವರು ಯಂತ್ರವನ್ನು ಶನಿವಾರ ಬೆಳಿಗ್ಗೆ ಸಂಘದ ಕಚೇರಿಗೆ ತರಬಹುದು. ಪೆನ್‌ಡ್ರೈವ್ ಮಾತ್ರ ತಾವೇ ತರತಕ್ಕದ್ದು.

— ಕಾರ್ಯದರ್ಶಿ