ವಿಮಾನ ವಿಳಂಬ: ಸಣ್ಣ ದೋಷ, ಎಂಇಎಲ್ ಮತ್ತು ಪ್ರಮಾಣಪತ್ರ

1. ಎಂಇಎಲ್ (ಕನಿಷ್ಠ ಉಪಕರಣ ಪಟ್ಟಿ): ಯಾವ ಉಪಕರಣ ಕೆಟ್ಟಿದ್ದರೂ, ಯಾವ ಷರತ್ತಿನ ಮೇಲೆ, ಎಷ್ಟು ದಿನ ಹಾರಬಹುದು ಎಂಬ ಪಟ್ಟಿ. ತಯಾರಿ ವಿಮಾನಯಾನ ಸಂಸ್ಥೆಯದು. ಭಾರತದಲ್ಲಿ ಅನುಮೋದನೆ ಡಿಜಿಸಿಎಯದು (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ).

2. ಗೊಂದಲ ಬೇಡ: ಎಂಎಂಇಎಲ್ (ಮಾಸ್ಟರ್ ಎಂಇಎಲ್) ವಿಮಾನದ ಮಾದರಿಗೆ ಸೇರಿದ ಮೂಲಪಟ್ಟಿ. ಎಂಇಎಲ್ ಅದಕ್ಕಿಂತ ಬಿಗಿಯಾಗಿರಬಹುದು, ಸಡಿಲವಾಗಿರುವಂತಿಲ್ಲ.

3. ದುರಸ್ತಿ ಗಡುವು: ವರ್ಗ ಬಿ – 3 ದಿನ, ಸಿ – 10, ಡಿ – 120. 'ಎ'ಗೆ ನಿಗದಿತ ದಿನಗಳಿಲ್ಲ, ಪಟ್ಟಿಯಲ್ಲಿ ಹೇಳಿದಷ್ಟು. ದೋಷ ಕಂಡ ದಿನ ಲೆಕ್ಕಕ್ಕಿಲ್ಲ (ಪರೀಕ್ಷೆಯಲ್ಲಿ ಇಲ್ಲೇ ಅಂಕ ಹೋಗುವುದು).

4. ಪಟ್ಟಿಯಲ್ಲೇ ಇಲ್ಲದ ರೆಕ್ಕೆಯಂಥ ಭಾಗ? ಹಾರಾಟ ಯೋಗ್ಯತೆಗೆ ಸಂಬಂಧಿಸಿದ್ದರೆ ಸರಿಯಾಗಿರಲೇಬೇಕು.

5. ಆಶ್‌ಟ್ರೇ: ಧೂಮಪಾನ ನಿಷೇಧವಿದ್ದರೂ ಶೌಚಾಲಯದ ಬಾಗಿಲ ಬಳಿ ಕಡ್ಡಾಯ. ಕದ್ದು ಸೇದಿದವರು ತುಂಡನ್ನು ಕಾಗದದ ಬುಟ್ಟಿಗೆ ಎಸೆಯಬಾರದೆಂಬ ಲೆಕ್ಕಾಚಾರ. 1973ರ ಜುಲೈ 11ರಂದು ಪ್ಯಾರಿಸ್ ಬಳಿ ವಾರಿಗ್ 820 ವಿಮಾನದ ಹಿಂಬದಿ ಶೌಚಾಲಯದಲ್ಲಿ ಬೆಂಕಿ ಹೊತ್ತಿ 123 ಜನ ಸತ್ತರು. ಅಂಗೈಯಗಲದ ಡಬ್ಬಿಗೂ ಎಂಇಎಲ್‌ನಲ್ಲಿ ಜಾಗ ಸಿಕ್ಕಿದ್ದು ಸುಮ್ಮನೆ ಅಲ್ಲ.

6. ಸಿಆರ್‌ಎಸ್: ದುರಸ್ತಿಯ ನಂತರ ಅಧಿಕೃತ ನಿರ್ವಹಣಾ ಎಂಜಿನಿಯರ್ ಸಹಿ ಹಾಕುವ ಸೇವಾ ಬಿಡುಗಡೆ ಪತ್ರ. ಬಲ್ಬ್ ಬದಲಿಸಿದರೂ ಈ ಸಹಿ ಇಲ್ಲದೆ ವಿಮಾನ ಕದಲದು.

7. ನೋಂದಣಿ ಪತ್ರ ≠ ಹಾರಾಟ ಯೋಗ್ಯತಾ ಪತ್ರ. ಭಾರತದ ನೋಂದಣಿ ಸಂಕೇತ ವಿಟಿ.

8. ಐಸಿಎಒ: ವಿಶ್ವಸಂಸ್ಥೆಯ ಅಂಗಸಂಸ್ಥೆ, ಷಿಕಾಗೊ ಒಪ್ಪಂದ, 1944. ಅನುಬಂಧ 6 – ಕಾರ್ಯಾಚರಣೆ, 8 – ಹಾರಾಟ ಯೋಗ್ಯತೆ. ಐಎಟಿಎ: ವಿಮಾನಯಾನ ಕಂಪನಿಗಳ ಸಂಘ. ಎರಡೂ ಮಾಂಟ್ರಿಯಲ್‌ನಲ್ಲಿವೆ.

9. ಸೇನಾ ವಿಮಾನಗಳ ಹಾರಾಟ ಯೋಗ್ಯತೆಗೆ ಹೊಣೆ ಡಿಜಿಸಿಎ ಅಲ್ಲ, ಬೆಂಗಳೂರಿನ ಸೆಮಿಲ್ಯಾಕ್ (ಡಿಆರ್‌ಡಿಒ ಅಧೀನ).