ಐಗುಪ್ತದ ಮೊದಲ ಅರಸರು

ಐಗುಪ್ತವೆಂಬ ಹೆಸರನ್ನು ಕೇಳಿದೊಡನೆಯೆ ನಮ್ಮಲ್ಲಿ ಅನೇಕರಿಗೆ ಯೋಸೇಫನು ತುಂಬಿಸಿದ ಕಣಜಗಳೂ, ಜಂಬುಹುಲ್ಲಿನ ಪೆಟ್ಟಿಗೆಯಲ್ಲಿ ಮಲಗಿದ್ದ ಶಿಶುವಾದ ಮೋಶೆಯೂ ನೆನಪಿಗೆ ಬರುವುದು ಸಹಜವೇ. ಆದರೆ ಸತ್ಯವೇದದಲ್ಲಿ ಕಾಣಿಸಿಕೊಳ್ಳುವ ಫರೋಹನಿಗಿಂತ ಸಾವಿರಕ್ಕೂ ಮಿಕ್ಕಿದ ವರ್ಷಗಳ ಹಿಂದೆಯೇ ಆ ದೇಶದಲ್ಲಿ ಅರಸರಿದ್ದರು, ಅಧಿಕಾರಿಗಳಿದ್ದರು, ಲೆಕ್ಕವನ್ನು ಬರೆದಿಡುವ ಕರಣಿಕರಿದ್ದರು. 'ಫರೋಹ' ಎಂಬ ಮಾತಿಗೆ 'ದೊಡ್ಡ ಮನೆ' ಎಂದರ್ಥ. ಮೊದಲು ಅರಮನೆಯನ್ನು ಸೂಚಿಸುತ್ತಿದ್ದ ಆ ಮಾತು ಅರಸನಿಗೇ ಹೆಸರಾಗಿ ಸಂದುದು ಕ್ರಿ. ಪೂ. 1450ರ ಸುಮಾರಿನಲ್ಲಿ. ನಾವೀಗ ಹೇಳಹೊರಟಿರುವ ಅರಸರಾದರೋ ಕ್ರಿ. ಪೂ. 3100ರ ಆಚೀಚೆಯವರು. ಇವರಲ್ಲಿ ಯಾರೂ ಪಿರಮಿಡ್ಡುಗಳನ್ನು ಕಂಡವರಲ್ಲ. ಮೊದಲನೆಯ ಪಿರಮಿಡ್ಡು ಏಳಬೇಕಾದರೆ ಇನ್ನೂ 400 ವರ್ಷಗಳಾದರೂ ಕಳೆಯಬೇಕಾಗಿದ್ದಿತು.

ಆ ದೇಶದಲ್ಲಿ ಮಳೆಯು ಅತ್ಯಲ್ಪ. ಜನರ ಬಾಳೆಲ್ಲವೂ ನೈಲ್ ನದಿಯನ್ನು ಅವಲಂಬಿಸಿದ್ದಿತು. ಇಥಿಯೋಪಿಯದ ಬೆಟ್ಟಗಳಲ್ಲಿ ಸುರಿದ ಮಳೆಯ ನೀರು ಪ್ರತಿವರ್ಷವೂ ಹರಿದುಬಂದು, ಎರಡು ದಡಗಳ ಹೊಲಗಳನ್ನೂ ಮುಳುಗಿಸಿ, ಕಪ್ಪು ಮೆಕ್ಕಲು ಮಣ್ಣನ್ನು ಹರಡಿ ಇಳಿದುಹೋಗುತ್ತಿದ್ದಿತು. (1970ರಲ್ಲಿ ಅಸ್ವಾನಿನ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಈ ಪ್ರವಾಹವು ನಿಂತುಹೋಗಿದೆ.) ಅಲ್ಲಿಯ ಪೂರ್ವಿಕರು ತಮ್ಮ ದೇಶವನ್ನು 'ಕೆಮೆಟ್', ಎಂದರೆ ಕಪ್ಪು ನೆಲವೆಂದೂ, ಅದರಾಚೆಯ ಮರುಭೂಮಿಯನ್ನು ಕೆಂಪು ನೆಲವೆಂದೂ ಕರೆದರು. ಕಪ್ಪು ನೆಲದಲ್ಲಿ ಉತ್ತು ಬಿತ್ತಿ ಬಾಳಿದರು. ಸತ್ತವರನ್ನು ಕೆಂಪು ನೆಲದಲ್ಲಿ ಹೂಳಿದರು. ಕಪ್ಪು ನೆಲದಲ್ಲಿದ್ದ ಅವರ ಮನೆ ಊರುಗಳೆಲ್ಲ ಬಹುಮಟ್ಟಿಗೆ ಮಣ್ಣಾಗಿಹೋದುವು. ಒಣಮರಳಿನಲ್ಲಿ ಹೂತಿಟ್ಟುದು ಮಾತ್ರ ಕೆಡದೆ ಉಳಿದುಬಂದಿದೆ. ಆದುದರಿಂದ ಆ ಕಾಲದ ಜೀವಿತವನ್ನು ನಾವು ಹೆಚ್ಚಾಗಿ ಸಮಾಧಿಗಳಿಂದಲೇ ತಿಳಿಯಬೇಕಾಗಿದೆ.

ಮೊದಲು ಅಲ್ಲಿ ಎರಡು ನಾಡುಗಳಿದ್ದುವು. ದಕ್ಷಿಣದ್ದು ಮೇಲಣ ಐಗುಪ್ತ, ಉತ್ತರದ್ದು ಕೆಳಗಣ ಐಗುಪ್ತ. ಭೂಪಟದಲ್ಲಿ ಕೆಳಗಿರುವುದನ್ನು ಮೇಲಣದೆಂದು ಕರೆಯುವುದು ವಿದ್ಯಾರ್ಥಿನಿಯರಿಗೆ ತೊಡಕಾಗಿ ತೋರಬಹುದು. ನದಿಯು ದಕ್ಷಿಣದಿಂದ ಉತ್ತರಕ್ಕೆ ಹರಿಯುವುದೆಂಬುದನ್ನು ನೆನಪಿನಲ್ಲಿಟ್ಟರೆ ತೊಡಕು ಬಿಡುವುದು. ದಕ್ಷಿಣದ ಗುರುತು ಬಿಳಿಯ ಕಿರೀಟ. ಉತ್ತರದ್ದು ಕೆಂಪು ಕಿರೀಟ. ಇಬ್ರಿಯ ಭಾಷೆಯಲ್ಲಿ ಆ ದೇಶಕ್ಕಿರುವ 'ಮಿಚ್ರಯಿಮ್' ಎಂಬ ಹೆಸರು ಕೂಡ ದ್ವಿವಚನದ ರೂಪದಲ್ಲಿದೆ. ಎರಡು ನಾಡುಗಳ ನೆನಪು ಅದರಲ್ಲಿ ಅಡಗಿದೆಯೆಂದು ಕೆಲವರು ವಿದ್ವಾಂಸರು ಎಣಿಸುತ್ತಾರೆ.

ಇವೆರಡನ್ನೂ ಒಂದುಗೂಡಿಸಿದವನು ಮೇನೆಸ್ ಎಂಬ ಅರಸನೆಂದು, ಕ್ರಿ. ಪೂ. ಮೂರನೆಯ ಶತಮಾನದಲ್ಲಿ ತನ್ನ ದೇಶದ ಚರಿತ್ರೆಯನ್ನು ಗ್ರೀಕ್ ಭಾಷೆಯಲ್ಲಿ ಬರೆದ ಮನೆಥೋ ಎಂಬ ಪೂಜಾರಿಯು ಹೇಳಿದನು. ಆದರೆ ಆ ಮೊದಲ ಕಾಲದ ವಸ್ತುಗಳಲ್ಲಿ ಎದ್ದು ಕಾಣುವ ಹೆಸರು ನಾರ್ಮರ್. ಕಣ್ಣಿಗೆ ಹಚ್ಚುವ ಬಣ್ಣವನ್ನು ಅರೆಯುವ ಹಲಗೆಯ ಆಕಾರದಲ್ಲಿ ಕೆತ್ತಿದ ಇವನ ಕಲ್ಲೊಂದು 1898ರ ಸುಮಾರಿನಲ್ಲಿ ಹಿಯರಾಕೊನ್‌ಪೊಲಿಸ್ ಎಂಬಲ್ಲಿ ದೊರೆಯಿತು. ಅದರ ಉದ್ದ ಎರಡು ಅಡಿಗಳಿಗೆ ತುಸು ಹೆಚ್ಚು. ಒಂದು ಮುಖದಲ್ಲಿ ಅರಸನು ಬಿಳಿಯ ಕಿರೀಟವನ್ನು ಧರಿಸಿ, ಮಂಡಿಯೂರಿದ ಶತ್ರುವಿನ ಜುಟ್ಟನ್ನು ಹಿಡಿದು ಗದೆಯನ್ನೆತ್ತಿದ್ದಾನೆ. ಇನ್ನೊಂದರಲ್ಲಿ ಕೆಂಪು ಕಿರೀಟವನ್ನು ಧರಿಸಿ ಮುಂದೆ ನಡೆಯುತ್ತಿದ್ದಾನೆ. ಅವನೆದುರಿಗೆ ತಲೆಗಡಿದ ಹೆಣಗಳು ಎರಡು ಸಾಲಾಗಿ ಬಿದ್ದಿವೆ. ಕಡಿದ ತಲೆಗಳನ್ನು ಅವರವರ ಕಾಲುಗಳ ನಡುವೆ ಇರಿಸಿದ್ದಾರೆ. ಇದನ್ನು ಯುದ್ಧದ ವರದಿಯೆಂದು ಓದುವವರುಂಟು. ನಮಗಾದರೋ ಅದು ಅರಸನು ತನ್ನನ್ನು ಲೋಕವು ಹೇಗೆ ಕಾಣಬೇಕೆಂದು ಬಯಸಿದನೋ ಅದರ ಚಿತ್ರವೆಂದು ತೋರುತ್ತದೆ. ಗದೆಯನ್ನೆತ್ತಿದ ಆ ನಿಲುವನ್ನು ಮುಂದೆ ಮೂರು ಸಾವಿರ ವರ್ಷಗಳವರೆಗೂ ಅರಸರು ತಮ್ಮ ಗೋಡೆಗಳ ಮೇಲೆ ಕೆತ್ತಿಸಿದರು.

ಗದೆಯಿಂದ ಗೆದ್ದ ನಾಡನ್ನು ಗದೆಯಿಂದಲೇ ಆಳುವುದು ಆಗದ ಮಾತು. ಅದಕ್ಕೆ ಲೆಕ್ಕ ಬೇಕು. ಅಬೈಡೋಸ್ ಎಂಬ ಸ್ಥಳದಲ್ಲಿ ನಾರ್ಮರನಿಗಿಂತಲೂ ಹಿಂದಿನ ಒಬ್ಬ ಒಡೆಯನ ಸಮಾಧಿಯನ್ನು 1988ರಲ್ಲಿ ಜರ್ಮನಿಯ ಗುಂಟರ್ ಡ್ರೈಯರ್ ಎಂಬವರು ಅಗೆಸಿದರು. ಅಲ್ಲಿ ಮೂಳೆ ಮತ್ತು ದಂತದ ಪುಟ್ಟ ಪುಟ್ಟ ಚೀಟಿಗಳು 150ಕ್ಕೂ ಹೆಚ್ಚು ಸಿಕ್ಕಿದುವು. ಒಂದೊಂದಕ್ಕೂ ದಾರ ಪೋಣಿಸುವ ತೂತು. ಕೆಲವುಗಳ ಮೇಲೆ ಸಂಖ್ಯೆ, ಕೆಲವುಗಳ ಮೇಲೆ ಹಕ್ಕಿ, ಆನೆ ಮೊದಲಾದ ಗುರುತುಗಳು. ಸಾಮಾನುಗಳ ಗಂಟಿಗೆ ಕಟ್ಟಿ, ಎಷ್ಟೆಂಬುದನ್ನೂ ಎಲ್ಲಿಂದ ಬಂದುದೆಂಬುದನ್ನೂ ತೋರಿಸುತ್ತಿದ್ದ ಈ ಚೀಟಿಗಳೇ ಆ ದೇಶದ ಬರವಣಿಗೆಯ ಮೊದಲ ಮಾದರಿಗಳಲ್ಲಿ ಸೇರಿವೆ. ಕಾವ್ಯಕ್ಕಾಗಿಯಾಗಲಿ ಪ್ರಾರ್ಥನೆಗಾಗಿಯಾಗಲಿ ಹುಟ್ಟದೆ, ಉಗ್ರಾಣದ ಬಾಗಿಲಲ್ಲಿ ಅಕ್ಷರವು ಹುಟ್ಟಿತೆಂಬುದು ಕೆಲವರಿಗೆ ರುಚಿಸಲಾರದು! ಬಳಿಕ ವರ್ಷಗಳಿಗೆ ಆಯಾ ವರ್ಷದ ಮುಖ್ಯ ಸಂಗತಿಯಿಂದ ಹೆಸರಿಡುವ ಪದ್ಧತಿ ಬಂದಿತು. ನೈಲ್ ನದಿಯು ಪ್ರತಿವರ್ಷವೂ ಎಷ್ಟು ಮೊಳ ಏರಿತೆಂಬುದನ್ನು ಬರೆದಿಟ್ಟರು. ಮೋಶೆಯ ಪೆಟ್ಟಿಗೆಯನ್ನು ಹೆಣೆದ ಜಂಬಿನಿಂದಲೇ ಅವರು ಕಾಗದವನ್ನೂ ಮಾಡಿದರು. ದೆನ್ ಎಂಬ ಅರಸನ ಮಂತ್ರಿಯಾಗಿದ್ದ ಹೆಮಕನ ಸಮಾಧಿಯಲ್ಲಿ ಅಂಥ ಕಾಗದದ ಸುರುಳಿಯೊಂದು ದೊರೆಯಿತು. ಈವರೆಗೆ ಸಿಕ್ಕಿರುವವುಗಳಲ್ಲಿ ಬಹು ಹಳೆಯದಾದ ಅದರ ಮೇಲೆ ಒಂದಕ್ಷರವನ್ನೂ ಬರೆದಿರಲಿಲ್ಲ.

ಈ ಏಳಿಗೆಯ ಜೊತೆಯಲ್ಲಿಯೇ ಮನಸ್ಸನ್ನು ಕಲಕುವ ಸಂಗತಿಯೊಂದಿದೆ. ಅಬೈಡೋಸಿನಲ್ಲಿ ಮೊದಲನೆಯ ವಂಶದ ಅರಸರ ಸಮಾಧಿಗಳ ಸುತ್ತಲೂ ಸೇವಕರ ಸಣ್ಣ ಗುಂಡಿಗಳು ಸಾಲುಸಾಲಾಗಿವೆ. ಜೆರ್ ಎಂಬ ಅರಸನ ಸುತ್ತ ಅವು 300ಕ್ಕೂ ಮಿಕ್ಕಿ ಇವೆ. ಅಲ್ಲಿಯ ಗುರುತುಗಲ್ಲುಗಳ ಮೇಲೆ ಸ್ತ್ರೀಯರ ಹೆಸರುಗಳೇ ಹೆಚ್ಚು. ಅವನಿಗಿಂತ ಹಿಂದಿನವನಾದ ಅಹನ ಬಳಿಯಲ್ಲಿ ಸಿಕ್ಕಿದ ಎಲುಬುಗಳು ಬಹುಮಟ್ಟಿಗೆ 25 ವರ್ಷದೊಳಗಿನವರವು. ಮುದುಕರಿಲ್ಲದೆ ಎಳೆಯರೇ ಹೀಗೆ ಸಾಲಾಗಿ ಮಲಗಿರುವುದರಿಂದ, ಒಡೆಯನ ಸೇವೆಗೆಂದು ಅವರನ್ನು ಕೊಂದು ಹೂಳಿದರೆಂದು ಅನೇಕರು ನಿರ್ಣಯಿಸಿದರು. ಈಚೆಗೆ ಮರ್‌ನೀತ್ ಎಂಬ ರಾಣಿಯ ಸಮಾಧಿಯನ್ನು ಮತ್ತೆ ಶೋಧಿಸಿದ ಕ್ರಿಸ್ಟಿಯಾನಾ ಕೋಲರ್ ಎಂಬ ವಿದುಷಿಯು, ಅದರ ಸುತ್ತಲಿನ 41 ಗುಂಡಿಗಳು ಒಂದೇ ಸಲಕ್ಕೆ ಆದುವಲ್ಲ, ಬಹುಕಾಲದವರೆಗೆ ಹಂತಹಂತವಾಗಿ ಕಟ್ಟಲ್ಪಟ್ಟುವು ಎಂದು ಕಂಡು, ನರಬಲಿಯ ಮಾತನ್ನು ಸಂಶಯಿಸಿದ್ದಾರೆ. ಆ ರಾಣಿಯ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಆದರೆ ಅಹನ ಬಳಿಯ ಎಳೆಯರು ಒಟ್ಟಿಗೆ ಹೇಗೆ ಸತ್ತರೆಂಬುದಕ್ಕೆ ಇದರಿಂದ ಉತ್ತರ ಸಿಕ್ಕಿದಂತಾಗಲಿಲ್ಲ. ಎರಡನೆಯ ವಂಶದ ಕಾಲಕ್ಕೆ ಆ ಪದ್ಧತಿಯು ಕಾಣದಂತಾಯಿತು.

ಈ ಮರ್‌ನೀತಳ ವಿಷಯವನ್ನು ಕುರಿತು ಎರಡು ಮಾತು ಹೇಳದೆ ಮುಗಿಸಲಾರೆವು. 1900ರಲ್ಲಿ ಫ್ಲಿಂಡರ್ಸ್ ಪೆಟ್ರಿ ಎಂಬ ಇಂಗ್ಲಿಷ್ ಪಂಡಿತರು ಅವಳ ಸಮಾಧಿಯನ್ನು ತೆರೆದಾಗ, ಅದರ ವೈಭವವನ್ನು ಕಂಡು ಅದು ಒಬ್ಬ ಅರಸನದೆಂದೇ ತಿಳಿದರು. ಅರಸರಲ್ಲದವರಿಗೆ ಆ ಸಾಲಿನಲ್ಲಿ ಸ್ಥಳವಿರಲಿಲ್ಲ. ಅದು ಸ್ತ್ರೀಯ ಹೆಸರೆಂಬುದು, ನೀತ್ ದೇವತೆಗೆ ಪ್ರಿಯಳೆಂದು ಅದರ ಅರ್ಥವೆಂಬುದು ಆಮೇಲೆ ಗೊತ್ತಾಯಿತು. 1985ರಲ್ಲಿ ದೆನ್ ಅರಸನ ಸಮಾಧಿಯ ಬಳಿ ದೊರೆತ ಮಣ್ಣಿನ ಮುದ್ರೆಯಲ್ಲಿ ನಾರ್ಮರ್, ಅಹ, ಜೆರ್, ಜೆತ್, ದೆನ್ ಎಂಬ ಅರಸರ ಹೆಸರುಗಳ ತರುವಾಯ 'ಅರಸನ ತಾಯಿ ಮರ್‌ನೀತ್' ಎಂದಿದೆ. ಮಗನು ಚಿಕ್ಕವನಾಗಿದ್ದಾಗ ಅವಳೇ ರಾಜ್ಯವನ್ನು ನಡೆಸಿದಳೆಂದು ಬಹುಮಂದಿಯ ಅಭಿಪ್ರಾಯ. ತನ್ನ ಹಕ್ಕಿನಿಂದಲೇ ಆಳಿದಳೆನ್ನುವವರೂ ಇದ್ದಾರೆ. ಬಿರುದು ಯಾವುದೇ ಆಗಿರಲಿ, ಬೊಕ್ಕಸವೇ ಮೊದಲಾದ ಇಲಾಖೆಗಳು ಅವಳ ಕೈಯಲ್ಲಿದ್ದುವೆಂದು ಅಲ್ಲಿಯ ಬರಹಗಳಿಂದ ತಿಳಿಯುತ್ತದೆ.

ಆದರೆ ಆ ವಂಶದ ಕೊನೆಯ ಅರಸನಾದ ಕಾ ಎಂಬವನ ಮುದ್ರೆಯಲ್ಲಿ ಎಂಟು ಮಂದಿ ಅರಸರ ಹೆಸರುಗಳಿವೆ, ಅವಳ ಹೆಸರಿಲ್ಲ. ಬಹುಕಾಲದ ಮೇಲೆ ಮೊದಲನೆಯ ಸೇತಿಯೆಂಬ ಅರಸನು ಅದೇ ಅಬೈಡೋಸಿನ ದೇವಾಲಯದ ಗೋಡೆಯಲ್ಲಿ ತನ್ನ ಪೂರ್ವಾಧಿಕಾರಿಗಳ ಹೆಸರುಗಳನ್ನು ಕೆತ್ತಿಸಿದಾಗಲೂ ಅವಳನ್ನು ಸೇರಿಸಲಿಲ್ಲ. ಅವಳ ಸಮಾಧಿಯಲ್ಲಿ ದ್ರಾಕ್ಷಾರಸದ ನೂರಾರು ಗಡಿಗೆಗಳು ದೊರೆತ ಸುದ್ದಿಯು 2023ರಲ್ಲಿ ಪ್ರಕಟವಾಯಿತು. ಸುಮಾರು 5000 ವರ್ಷಗಳ ಹಿಂದೆ ಮುಚ್ಚಿದ ಬಾಯಿ ಕೆಲವು ಗಡಿಗೆಗಳಲ್ಲಿ ಹಾಗೆಯೇ ಇದ್ದಿತು. ದ್ರಾಕ್ಷಿಯ ಬೀಜಗಳೂ ಕೆಡದೆ ಉಳಿದಿದ್ದುವು.