ಚಿತ್ರ ಕಾಣದಾಗ, ಧ್ವನಿ ಕೇಳದಾಗ: ಹೋಮ್ ಥಿಯೇಟರಿನಲ್ಲಿ ದೋಷಶೋಧನೆ

ಹಬ್ಬದ ದಿನ ಮನೆಯವರೆಲ್ಲರೂ ಊಟ ಮುಗಿಸಿ ಚಲನಚಿತ್ರವೊಂದನ್ನು ನೋಡಲು ಕುಳಿತಿದ್ದಾರೆಂದು ಭಾವಿಸೋಣ. ಗೋಡೆಯ ಮೇಲೆ ದೊಡ್ಡ ಟೆಲಿವಿಷನ್; ಕೋಣೆಯ ಸುತ್ತ ಐದು ಸ್ಪೀಕರುಗಳು; ಮೂಲೆಯಲ್ಲಿ ಮಂದ್ರಧ್ವನಿಗಾಗಿ ಒಂದು ಸಬ್‌ವೂಫರ್. ಎಲ್ಲ ಉಪಕರಣಗಳ ದೀಪಗಳೂ ಉರಿಯುತ್ತಿವೆ. ಆದರೆ ತೆರೆಯ ಮೇಲೆ ಮೂಡಿದುದು ‘ಸಿಗ್ನಲ್ ಇಲ್ಲ’ ಎಂಬ ಎರಡು ಪದಗಳು ಮಾತ್ರ. ಒಬ್ಬರು ಕೇಬಲ್ಲನ್ನು ಅಲುಗಾಡಿಸುತ್ತಾರೆ. ಇನ್ನೊಬ್ಬರು ರಿಮೋಟಿನ ಗುಂಡಿಗಳನ್ನೆಲ್ಲ ಒತ್ತುತ್ತಾರೆ. ಮತ್ತೊಬ್ಬರು ‘ಯಂತ್ರವೇ ಕೆಟ್ಟಿದೆ, ಹೊಸದನ್ನು ತರಬೇಕು’ ಎಂದು ತೀರ್ಪು ಕೊಡುತ್ತಾರೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮೊದಲಿನ ದೋಷದ ಜೊತೆಗೆ ಎರಡು ಹೊಸ ದೋಷಗಳು ಸೇರಿಕೊಂಡಿರುತ್ತವೆ.

ಇಂತಹ ಸಂದರ್ಭಗಳಲ್ಲಿ ಸರಿಯಾಗಿರುವ ಉಪಕರಣವನ್ನು ಕೆಟ್ಟಿತೆಂದು ಬಗೆದು ಸಾವಿರಾರು ರೂಪಾಯಿಗಳನ್ನು ವ್ಯಯಮಾಡುವವರುಂಟು. ದೋಷವನ್ನು ಊಹಿಸುವುದು ಬೇರೆ, ಶೋಧಿಸುವುದು ಬೇರೆ. ಶೋಧಿಸುವುದಕ್ಕೆ ಬೇಕಾದುದು ಬೆಲೆಬಾಳುವ ಸಲಕರಣೆಗಳಲ್ಲ. ಸಂಕೇತವು ಸಾಗುವ ದಾರಿಯ ತಿಳಿವಳಿಕೆ ಮತ್ತು ಕ್ರಮಬದ್ಧವಾದ ಪರೀಕ್ಷೆ. ಇವೆರಡನ್ನೂ ಈಗ ನೋಡೋಣ.

ಸಂಕೇತದ ಸರಪಣಿ

ಹೋಮ್ ಥಿಯೇಟರ್ ಎಂಬುದು ಒಂದು ಯಂತ್ರವಲ್ಲ, ಹಲವು ಯಂತ್ರಗಳ ಸರಪಣಿ. ಚಿತ್ರ ಮತ್ತು ಧ್ವನಿಗಳ ಸಂಕೇತಗಳು ಹೊರಡುವುದು ಡಿಸ್ಕ್ ಪ್ಲೇಯರಿನಿಂದ ಅಥವಾ ಸೆಟ್‌ಟಾಪ್ ಬಾಕ್ಸಿನಿಂದ. ಇದನ್ನು ‘ಮೂಲ’ವೆಂದು ಕರೆಯೋಣ. ಅಲ್ಲಿಂದ ಅವೆರಡೂ ಒಂದೇ ಕೇಬಲ್ಲಿನಲ್ಲಿ ‘ರಿಸೀವರ್’ ಎಂಬ ಉಪಕರಣವನ್ನು ಸೇರುತ್ತವೆ. ರಿಸೀವರು ಚಿತ್ರವನ್ನು ಮತ್ತೊಂದು ಕೇಬಲ್ಲಿನ ಮೂಲಕ ಟೆಲಿವಿಷನ್ನಿಗೆ ದಾಟಿಸುತ್ತದೆ. ಧ್ವನಿಸಂಕೇತವನ್ನು ಬಿಡಿಸಿ, ವರ್ಧಿಸಿ, ತಾಮ್ರದ ತಂತಿಗಳ ಮೂಲಕ ಸ್ಪೀಕರುಗಳಿಗೆ ಒದಗಿಸುತ್ತದೆ.

ಇಷ್ಟನ್ನು ಕಾಗದದ ಮೇಲೆ ಬರೆದುಕೊಂಡರೆ ಒಂದು ಮುಖ್ಯವಾದ ವಿಷಯ ಸ್ಪಷ್ಟವಾಗುತ್ತದೆ. ಚಿತ್ರವೂ ಧ್ವನಿಯೂ ಒಟ್ಟಿಗೆ ಮಾಯವಾದರೆ, ದೋಷವು ಇವೆರಡೂ ಜೊತೆಯಾಗಿ ಸಾಗುವ ಭಾಗದಲ್ಲಿರುವ ಸಂಭವ ಹೆಚ್ಚು. ಒಂದು ಮಾತ್ರ ಮಾಯವಾದರೆ, ಅವು ಬೇರ್ಪಟ್ಟ ಮುಂದಿನ ದಾರಿಯನ್ನು ಮೊದಲು ಪರೀಕ್ಷಿಸಬೇಕು.

ಕೇಬಲ್ಲಿನೊಳಗಿನ ಸಂಭಾಷಣೆ

ಮನೆಯ ಮಾಳಿಗೆಯ ಮೇಲೆ ಆಂಟೆನಾ ಇದ್ದ ಕಾಲದಲ್ಲಿ ಸಂಕೇತವು ದುರ್ಬಲವಾದರೆ ತೆರೆಯ ತುಂಬ ಚುಕ್ಕೆಗಳು ಕುಣಿಯುತ್ತಿದ್ದವು. ಆಂಟೆನಾವನ್ನು ತುಸು ತಿರುಗಿಸಿದರೆ ಚಿತ್ರ ತಿಳಿಯಾಗುತ್ತಿತ್ತು. ಅನಲಾಗ್ ಸಂಕೇತದ ಗುಣವೇ ಅದು: ಕೆಡುವುದಾದರೆ ಮೆಲ್ಲಮೆಲ್ಲನೆ ಕೆಡುತ್ತದೆ. ಡಿಜಿಟಲ್ ಸಂಕೇತದ ನಡತೆ ಬೇರೆ. ಸೊನ್ನೆ ಮತ್ತು ಒಂದುಗಳನ್ನು ಬೇರ್ಪಡಿಸಿ ಗುರುತಿಸಲು ಸಾಧ್ಯವಿರುವ ತನಕ ಚಿತ್ರದಲ್ಲಿ ಲೇಶವೂ ಕುಂದು ಕಾಣದು. ಆ ಮಿತಿಯ ಸಮೀಪದಲ್ಲಿ ಬಿಳಿಯ ಕಿಡಿಗಳು ಮಿನುಗಬಹುದು, ಚಿತ್ರ ಆಗಾಗ ಕಣ್ಣುಮುಚ್ಚಬಹುದು. ಮಿತಿ ಮೀರಿದೊಡನೆ ಎಲ್ಲವೂ ಕತ್ತಲೆ. ಆದುದರಿಂದ ‘ನಿನ್ನೆಯವರೆಗೂ ಚೆನ್ನಾಗಿತ್ತು, ಕೇಬಲ್ಲಿನಲ್ಲಿ ದೋಷವಿರಲಾರದು’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಈ ಕೆಲಸಕ್ಕೆ ಇಂದು ಸಾಮಾನ್ಯವಾಗಿ ಬಳಕೆಯಲ್ಲಿರುವುದು ಎಚ್‌ಡಿಎಂಐ ಕೇಬಲ್. ಏಳು ಸಂಸ್ಥೆಗಳು ಕೂಡಿ ರೂಪಿಸಿದ ಇದರ ಮೊದಲ ನಿಯಮಾವಳಿ ೨೦೦೨ರ ಡಿಸೆಂಬರಿನಲ್ಲಿ ಹೊರಬಂದಿತು. ಇದರ ತುದಿಯಲ್ಲಿ ೧೯ ಲೋಹಸಂಪರ್ಕಗಳುಂಟು. ಇವುಗಳಲ್ಲಿ ಎಲ್ಲವೂ ಚಿತ್ರವನ್ನು ಸಾಗಿಸುವುದಿಲ್ಲ. ಕೆಲವು ಎರಡು ಉಪಕರಣಗಳ ನಡುವಣ ಸಂಭಾಷಣೆಗೆ ಮೀಸಲು.

ಕೇಬಲ್ಲನ್ನು ಸಿಕ್ಕಿಸಿದೊಡನೆ ಮೂಲವು ಒಂದು ತಂತಿಯಲ್ಲಿ ೫ ವೋಲ್ಟುಗಳ ವಿದ್ಯುತ್ತನ್ನು ಒದಗಿಸುತ್ತದೆ. ಆಚೆಯ ಉಪಕರಣವು ಬೇರೊಂದು ತಂತಿಯಲ್ಲಿ ‘ನಾನು ಇಲ್ಲಿದ್ದೇನೆ’ ಎಂದು ಸೂಚಿಸುತ್ತದೆ. ಅನಂತರ ಮೂಲವು ಅದರ ಪರಿಚಯಪತ್ರವನ್ನು ಓದಿಕೊಳ್ಳುತ್ತದೆ. ಇಡಿಐಡಿ ಎಂಬ ಹೆಸರಿನ ಈ ಪತ್ರದಲ್ಲಿ, ತೆರೆಯು ಎಷ್ಟು ಬಿಂದುಗಳ ಚಿತ್ರವನ್ನು ತೋರಿಸಬಲ್ಲುದು, ಯಾವ ಬಗೆಯ ಧ್ವನಿಸಂಕೇತವನ್ನು ಸ್ವೀಕರಿಸಬಲ್ಲುದು ಎಂಬ ವಿವರಗಳಿರುತ್ತವೆ. ಚಿತ್ರವು ನಕಲಿನಿಂದ ರಕ್ಷಿತವಾದುದಾದರೆ ಎಚ್‌ಡಿಸಿಪಿ ಎಂಬ ರಹಸ್ಯಲಿಪಿಯ ಪರೀಕ್ಷೆಯೂ ನಡೆಯುತ್ತದೆ. ಈ ಸಂಭಾಷಣೆಯಲ್ಲಿ ಯಾವುದೊಂದು ಹಂತ ತಪ್ಪಿದರೂ, ತಂತಿಗಳೆಲ್ಲ ಗಟ್ಟಿಯಾಗಿದ್ದರೂ, ತೆರೆ ಕಪ್ಪಾಗಿಯೇ ಉಳಿಯಬಹುದು.

ಉಪಕರಣಗಳನ್ನು ಆರಿಸಿ ಮತ್ತೆ ಹೊತ್ತಿಸಿದರೆ ಎಷ್ಟೋ ವೇಳೆ ದೋಷ ನಿವಾರಣೆಯಾಗುವುದೇಕೆಂಬುದು ಈಗ ತಿಳಿಯುತ್ತದೆ. ಸಂಭಾಷಣೆ ಮೊದಲಿನಿಂದ ಪುನಃ ನಡೆಯುತ್ತದೆ, ಅಷ್ಟೆ. ಎಲ್ಲ ಪ್ಲಗ್ಗುಗಳನ್ನೂ ಕಿತ್ತು, ಒಂದೆರಡು ನಿಮಿಷ ತಡೆದು, ಮೊದಲು ಟೆಲಿವಿಷನ್, ಆಮೇಲೆ ರಿಸೀವರ್, ಕೊನೆಗೆ ಮೂಲ ಎಂಬ ಕ್ರಮದಲ್ಲಿ ಹೊತ್ತಿಸುವುದು ಒಳ್ಳೆಯದು. ಕೇಳುವವನು ಎಚ್ಚರಗೊಂಡ ಮೇಲಲ್ಲವೆ ಹೇಳುವವನು ಮಾತು ತೆಗೆಯಬೇಕಾದುದು!

ಸರಪಣಿಯ ನಡುವೆ ನಿಂತು ನೋಡುವುದು

ಇಷ್ಟರಿಂದಲೂ ಚಿತ್ರ ಬಾರದಿದ್ದರೆ? ಕೊಂಡಿಗಳನ್ನು ಒಂದು ತುದಿಯಿಂದ ಪರೀಕ್ಷಿಸುತ್ತ ಹೋಗಬಹುದು. ಆದರೆ ನಡುವಿನಿಂದ ಆರಂಭಿಸುವುದು ಲಾಭಕರ. ಸರಪಣಿಯಲ್ಲಿ ಎಂಟು ಕೊಂಡಿಗಳಿದ್ದು ಒಂದು ಮಾತ್ರ ಕೆಟ್ಟಿದೆಯೆನ್ನೋಣ. ಮಧ್ಯದಲ್ಲಿ ಪರೀಕ್ಷಿಸಿದರೆ ದೋಷವು ಯಾವ ನಾಲ್ಕರಲ್ಲಿದೆಯೆಂದು ತಿಳಿಯುತ್ತದೆ, ಎರಡನೆಯ ಪರೀಕ್ಷೆಯಿಂದ ಎರಡು ಉಳಿಯುತ್ತವೆ, ಮೂರನೆಯದರಿಂದ ಒಂದು.

ನಮ್ಮ ಸರಪಣಿಯ ಮಧ್ಯಸ್ಥಾನವೇ ರಿಸೀವರು. ಅದರ ರಿಮೋಟಿನಲ್ಲಿ ಮೆನುವಿನ ಗುಂಡಿಯನ್ನು ಒತ್ತಿರಿ. ರಿಸೀವರಿನ ಮೆನು ತೆರೆಯ ಮೇಲೆ ಕಾಣಿಸಿದರೆ ಟೆಲಿವಿಷನ್ನೂ ಅದಕ್ಕೆ ಬರುವ ಕೇಬಲ್ಲೂ ನಿರ್ದೋಷಿಗಳೆಂದು ಬಹುಮಟ್ಟಿಗೆ ಹೇಳಬಹುದು. ದೋಷವನ್ನು ಮೂಲದ ಕಡೆಗೆ ಹುಡುಕಬೇಕು. ಕಾಣಿಸದಿದ್ದರೆ ಟೆಲಿವಿಷನ್ನಿನಲ್ಲಿ ಆರಿಸಿರುವ ಇನ್‌ಪುಟ್ ಸರಿಯೇ ಎಂದು ಮೊದಲು ನೋಡಬೇಕು. ಕೇಬಲ್ಲು ಎರಡನೆಯ ಇನ್‌ಪುಟ್ಟಿನಲ್ಲಿದ್ದು ಟೆಲಿವಿಷನ್ನು ಮೊದಲನೆಯದನ್ನು ಕಾಯುತ್ತಿರುವುದು ಅಪರೂಪವಲ್ಲ.

ಧ್ವನಿಗೂ ಇಂತಹದೇ ಪರೀಕ್ಷೆಯುಂಟು. ಬಹುಪಾಲು ರಿಸೀವರುಗಳು ‘ಟೆಸ್ಟ್ ಟೋನ್’ ಎಂಬ ಭೋರ್ಗರೆತದಂತಹ ಧ್ವನಿಯನ್ನು ತಾವೇ ಉತ್ಪಾದಿಸಿ, ಒಂದೊಂದು ಸ್ಪೀಕರಿಗೂ ಸರದಿಯಂತೆ ಕಳುಹಿಸಬಲ್ಲವು. ಅದು ಎಲ್ಲ ಸ್ಪೀಕರುಗಳಲ್ಲಿಯೂ ಕೇಳಿಬಂದರೆ ವರ್ಧಕ, ತಂತಿ, ಸ್ಪೀಕರು ಮೂರೂ ಸರಿಯಾಗಿವೆ. ಒಂದರಲ್ಲಿ ಮಾತ್ರ ಕೇಳದಿದ್ದರೆ ಆ ಒಂದು ದಾರಿಯನ್ನು ಪರೀಕ್ಷಿಸಿದರೆ ಸಾಕು. ಸಂಗೀತ ಕೇಳಿಸುತ್ತದೆ, ಪಾತ್ರಗಳ ಮಾತು ಮಾತ್ರ ಕೇಳಿಸದು ಎಂಬ ವಿಚಿತ್ರವಾದ ದೂರಿಗೂ ಉತ್ತರ ಇಲ್ಲಿಯೇ ಇದೆ. ಚಲನಚಿತ್ರಗಳಲ್ಲಿ ಸಂಭಾಷಣೆಯ ಹೆಚ್ಚಿನ ಭಾಗವನ್ನು ನಡುವಿನ ಸ್ಪೀಕರಿಗೆ ವಹಿಸಿರುತ್ತಾರೆ. ಅದೊಂದು ಮೌನವಾದರೆ ಮಾತೆಲ್ಲ ಮೌನ.

ಎಡಗಡೆಯ ಸ್ಪೀಕರು ಮೌನವಾಗಿದೆಯೆನ್ನೋಣ. ರಿಸೀವರಿನ ಪ್ಲಗ್ಗನ್ನು ಕಿತ್ತ ಬಳಿಕ, ಅದರ ಹಿಂಬದಿಯಲ್ಲಿ ಎಡಬಲಗಳ ತಂತಿಗಳನ್ನು ಅದಲುಬದಲು ಮಾಡಿರಿ. ಮತ್ತೆ ಹೊತ್ತಿಸಿದಾಗ ಎಡದ ಸ್ಪೀಕರೇ ಮೌನವಾಗಿದ್ದರೆ ದೋಷ ತಂತಿಯಲ್ಲಿ ಅಥವಾ ಸ್ಪೀಕರಿನಲ್ಲಿದೆ. ಮೌನವು ಬಲಕ್ಕೆ ಸರಿದರೆ ದೋಷ ರಿಸೀವರಿನ ಕಡೆಯದು. ತಂತಿಯ ತುದಿಯ ಎಳೆಗಳು ಚೆದರಿ ಒಂದನ್ನೊಂದು ಮುಟ್ಟದಂತೆ ಹೊಸೆದು ಬಿಗಿಯಬೇಕು. ಮುಟ್ಟಿದರೆ ರಿಸೀವರು ತನ್ನ ರಕ್ಷಣೆಗಾಗಿ ತಾನೇ ಆರಿಹೋಗಬಹುದು.

ತಂತಿಗಳಿಂದ ಪೂರ್ಣವಾಗಿ ಬಿಡಿಸಿದ ಸಾಮಾನ್ಯ ಸ್ಪೀಕರಿನ ಎರಡು ಕೊನೆಗಳಿಗೆ ೧.೫ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ‘ಟಪ್’ ಎಂಬ ಸದ್ದಾಗುತ್ತದೆ. ಸುರುಳಿಯಲ್ಲಿ ವಿದ್ಯುತ್ ಹರಿದು, ಅಯಸ್ಕಾಂತದ ಕ್ಷೇತ್ರದಲ್ಲಿ ಅದು ಚಲಿಸಿ, ತನಗೆ ಅಂಟಿದ ಶಂಕುವನ್ನು ತಳ್ಳಿತೆಂದು ಅರ್ಥ. ಸ್ವಂತ ವರ್ಧಕವಿರುವ ಸಬ್‌ವೂಫರಿಗೆ ಈ ಪರೀಕ್ಷೆ ಸಲ್ಲದು. ಯಾವ ಉಪಕರಣದ ಮುಚ್ಚಳವನ್ನೂ ತೆರೆಯಲಾಗದು. ಪ್ಲಗ್ಗನ್ನು ಕಿತ್ತ ಮೇಲೆಯೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುದಂಶ ಉಳಿದಿರಬಹುದು.

ಚಿತ್ರವಿದ್ದು ಧ್ವನಿ ಇಲ್ಲದಿದ್ದರೆ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ತೆರೆಯ ಮೇಲೆ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦ ಬಿಂದುಗಳಿರುವ ಚಿತ್ರಕ್ಕೆ ಕೇಬಲ್ಲಿನಲ್ಲಿ ಸಾಗುವ ಚೌಕಟ್ಟು ೨೨೦೦ಕ್ಕೆ ೧೧೨೫ರಷ್ಟು, ಎಂದರೆ ೨೪,೭೫,೦೦೦ ಬಿಂದುಗಳಷ್ಟು ದೊಡ್ಡದು. ಸೆಕೆಂಡಿಗೆ ೬೦ ಚೌಕಟ್ಟುಗಳು, ಬಿಂದುವೊಂದಕ್ಕೆ ಮೂರು ವರ್ಣಗಳು, ವರ್ಣವೊಂದಕ್ಕೆ ಕೇಬಲ್ಲಿನಲ್ಲಿ ೧೦ ಬಿಟ್ಟುಗಳು. ಗುಣಿಸಿದರೆ ಸೆಕೆಂಡಿಗೆ ೪೪೫.೫ ಕೋಟಿ ಬಿಟ್ಟುಗಳಾದವು. ‘೪ಕೆ’ ಚಿತ್ರಕ್ಕೆ ಇದರ ನಾಲ್ಕು ಪಟ್ಟು, ೧,೭೮೨ ಕೋಟಿ. ೧,೦೨೦ ಕೋಟಿ ಬಿಟ್ಟುಗಳಿಗೆಂದು ಪರೀಕ್ಷಿಸಿದ ಹಳೆಯ ಕೇಬಲ್ಲು ಇಲ್ಲಿ ಸೋತರೆ ಆಶ್ಚರ್ಯವಿಲ್ಲ.

ಕಾಣುವ ಚಿತ್ರಕ್ಕಿಂತ ಚೌಕಟ್ಟು ದೊಡ್ಡದಾಗಿರುವುದು ವ್ಯರ್ಥವಲ್ಲ. ಆ ಕಾಣದ ಅಂಚಿನ ಬಿಡುವಿನಲ್ಲಿಯೇ ಧ್ವನಿಯ ಬಿಟ್ಟುಗಳು ಅದೇ ತಂತಿಗಳಲ್ಲಿ ಪಯಣಿಸುತ್ತವೆ. ಎಂದಮೇಲೆ, ಚಿತ್ರ ನಿರ್ಮಲವಾಗಿದ್ದು ಧ್ವನಿ ಮಾತ್ರ ಇಲ್ಲದಿದ್ದರೆ ಕೇಬಲ್ಲನ್ನು ದೂರುವುದು ಸಾಮಾನ್ಯವಾಗಿ ತಪ್ಪು. ಮೂಲವು ಕಳುಹಿಸುವ ಧ್ವನಿಯ ಸಂಕೇತಭಾಷೆ ಆಚೆಯ ಉಪಕರಣಕ್ಕೆ ಅರ್ಥವಾಗದಿರಬಹುದು. ಮೂಲದ ಧ್ವನಿಯ ಆಯ್ಕೆಯನ್ನು ‘ಪಿಸಿಎಂ’ ಎಂಬ ಸರಳರೂಪಕ್ಕೆ ಬದಲಿಸಿ ನೋಡಿರಿ. ಧ್ವನಿ ಬಂದರೆ ದೋಷ ಭಾಷೆಯದು, ಯಂತ್ರದ್ದಲ್ಲ.

ಒಂದು ದೃಷ್ಟಾಂತ

ಅಂತರಜಾಲದಿಂದ ೪ಕೆ ಚಿತ್ರಗಳನ್ನು ತರುವ ಹೊಸ ಸಾಧನವೊಂದನ್ನು ಹಳೆಯ ರಿಸೀವರಿಗೆ ಜೋಡಿಸಿದ್ದಾರೆ. ಸಾಧನದ ಮೆನು ಚೆನ್ನಾಗಿ ಕಾಣುತ್ತದೆ. ಚಲನಚಿತ್ರ ಆರಂಭವಾದೊಡನೆ ತೆರೆ ಕಪ್ಪಾಗುತ್ತದೆ. ಎರಡು ಊಹೆಗಳು ಸಾಧ್ಯ. ಕೇಬಲ್ಲು ಅಷ್ಟು ಬಿಟ್ಟುಗಳನ್ನು ಹೊರಲಾರದು ಎಂಬುದು ಒಂದು. ೪ಕೆ ಚಿತ್ರಗಳು ಬೇಡುವ ಎಚ್‌ಡಿಸಿಪಿ ೨.೨ನೆಯ ಆವೃತ್ತಿಯನ್ನು ರಿಸೀವರು ಅರಿಯದು ಎಂಬುದು ಇನ್ನೊಂದು.

ಚಿತ್ರವನ್ನು ೧೦೮೦ಕ್ಕೆ ಇಳಿಸಿದಾಗ ತೆರೆ ಬೆಳಗಿತು. ಕೇಬಲ್ಲಿನದೇ ದೋಷವೆಂದು ಹಲವರು ಇಲ್ಲಿಗೇ ನಿರ್ಣಯಿಸಿಬಿಡುತ್ತಾರೆ. ಆದರೆ ಚಿತ್ರವನ್ನು ಇಳಿಸಿದರೆ ಕೇಬಲ್ಲಿನ ಹೊರೆಯೂ ತಗ್ಗುತ್ತದೆ, ಹೊಸ ರಹಸ್ಯಲಿಪಿಯ ಅಗತ್ಯವೂ ತಪ್ಪಬಹುದು. ಎರಡು ಊಹೆಗಳಿಗೂ ಒಪ್ಪುವ ಫಲಿತಾಂಶವು ಯಾವುದನ್ನೂ ಸಾಧಿಸುವುದಿಲ್ಲ. ಬೇಕಾದುದು ಅವೆರಡನ್ನು ಬೇರ್ಪಡಿಸುವ ಪರೀಕ್ಷೆ. ಅವೇ ಎರಡು ಕೇಬಲ್ಲುಗಳನ್ನು ಒಂದಾದ ಮೇಲೊಂದರಂತೆ ಬಳಸಿ, ಸಾಧನವನ್ನು ನೇರವಾಗಿ ಟೆಲಿವಿಷನ್ನಿಗೆ ಜೋಡಿಸಬೇಕು. ಎರಡು ಸಲವೂ ಅದೇ ೪ಕೆ ಚಿತ್ರ ಕಾಣಿಸಿದರೆ ಕೇಬಲ್ಲುಗಳು ನಿರ್ದೋಷಿಗಳು, ತೊಡಕು ರಿಸೀವರಿನದು. ಅದರ ಕೈಪಿಡಿಯಲ್ಲಿ ೨.೨ನೆಯ ಆವೃತ್ತಿಯ ಮಾತೇ ಇಲ್ಲದಿದ್ದರೆ ಎರಡನೆಯ ಊಹೆ ದೃಢವಾಯಿತು.

ಹಾಗಾದರೆ ಹೊಸ ರಿಸೀವರು ಬೇಕೆ? ಬೇಕಾಗಿಲ್ಲ. ಸಾಧನವನ್ನು ಟೆಲಿವಿಷನ್ನಿನಲ್ಲಿಯೇ ಬಿಟ್ಟು, ಧ್ವನಿಯನ್ನು ಅಲ್ಲಿಂದ ರಿಸೀವರಿಗೆ ಹಿಂದಿರುಗಿಸಬಹುದು. ೨೦೦೯ರಲ್ಲಿ ಬಂದ ಎಚ್‌ಡಿಎಂಐ ೧.೪ನೆಯ ಆವೃತ್ತಿಯಲ್ಲಿ ಸೇರಿಸಲಾದ ‘ಎಆರ್‌ಸಿ’ ಎಂಬ ಮಾರ್ಗ ಇದಕ್ಕಾಗಿಯೇ ಇದೆ. ಎರಡು ಉಪಕರಣಗಳಲ್ಲಿಯೂ ಆ ಹೆಸರನ್ನು ಬರೆದಿರುವ ಕಿಂಡಿಗಳನ್ನೇ ಕೇಬಲ್ಲಿನಿಂದ ಕೂಡಿಸಿ, ಮೆನುವಿನಲ್ಲಿ ಅದನ್ನು ಜಾರಿಗೊಳಿಸಬೇಕು. ಕಾಸು ಖರ್ಚಿಲ್ಲದೆ ಮನೆಯವರು ಚಿತ್ರ ನೋಡಬಹುದು.

ಒಂದು ವೇಳೆಗೆ ಒಂದನ್ನು ಮಾತ್ರ ಬದಲಾಯಿಸುವುದು, ಬದಲಾಯಿಸಿದುದನ್ನು ಬರೆದಿಡುವುದು, ಫಲಕಾರಿಯಾಗದಿದ್ದರೆ ಮೊದಲಿನಂತೆ ಮಾಡಿ ಮುಂದುವರಿಯುವುದು: ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಲಿಯುವ ಕ್ರಮವೂ ಇದೇ. ಮನೆಯ ನಡುಕೋಣೆಯಲ್ಲಿ ಅದನ್ನು ಮರೆಯಬೇಕಾದ ಕಾರಣವಿಲ್ಲ.

ಅಭ್ಯಾಸ

೧. ಹದಿನಾರು ಕೊಂಡಿಗಳ ಸರಪಣಿಯಲ್ಲಿ ಒಂದು ಕೆಟ್ಟಿದ್ದರೆ, ಅರ್ಧಿಸುವ ಕ್ರಮದಿಂದ ಎಷ್ಟು ಪರೀಕ್ಷೆಗಳಲ್ಲಿ ಅದನ್ನು ಗುರುತಿಸಬಹುದು?

೨. ಸೆಕೆಂಡಿಗೆ ೩೦ ಚೌಕಟ್ಟುಗಳ ೪ಕೆ ಚಿತ್ರಕ್ಕೆ ಎಷ್ಟು ಬಿಟ್ಟುಗಳು ಬೇಕು? ೧,೦೨೦ ಕೋಟಿ ಬಿಟ್ಟುಗಳ ಕೇಬಲ್ಲು ಅದನ್ನು ಹೊರಬಲ್ಲುದೆ?

೩. ಟೆಸ್ಟ್ ಟೋನ್ ಎಲ್ಲ ಸ್ಪೀಕರುಗಳಲ್ಲಿಯೂ ಕೇಳಿಸುತ್ತದೆ, ಚಿತ್ರವೂ ಕಾಣುತ್ತದೆ, ಆದರೆ ಚಲನಚಿತ್ರದ ಧ್ವನಿ ಇಲ್ಲ. ಮೊದಲು ಯಾವುದನ್ನು ಪರೀಕ್ಷಿಸುವಿರಿ? ಏಕೆ?